ಹನ್ನೊಂದು ತಿಂಗಳ ಒಪ್ಪಂದ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅರ್ಧಂಬರ್ಧ ಬರೆಯಬಾರದು, ಪೂರ್ಣ ವಾಕ್ಯಗಳಲ್ಲೇ ಬರೆಯಬೇಕು ಎಂಬುದು ದಾಂಡೇಲಿ ದೊಡ್ಡಪ್ಪನ ಕಟ್ಟಪ್ಪಣೆ. ಕಳೆದ ಶನಿವಾರ ಅಂಕೋಲಾ ಚಿಕ್ಕಪ್ಪ ಅದರಲ್ಲಿ ಒಂದು ಜಾಹೀರಾತು ಹಾಕಿದರು. ಕಾರವಾರದಲ್ಲಿ ನೇರ ಸಂದರ್ಶನ, ಕಚೇರಿ ಸಹಾಯಕರ ಕೆಲಸ, ಯಾವುದೇ ಪದವಿ, ತಿಂಗಳಿಗೆ ₹17,500ರ ತನಕ, 11 ತಿಂಗಳ ಒಪ್ಪಂದ, ನೋಂದಣಿ ಶುಲ್ಕ ₹1,500. ಕೆಳಗೆ ಸಿಬ್ಬಂದಿ ಒದಗಿಸುವ ಏಜೆನ್ಸಿಯೊಂದರ ಹೆಸರು. ಬಿ.ಕಾಂ. ಮುಗಿಸಿ ಎಂಟು ತಿಂಗಳಿನಿಂದ ಕುಮಟೆಯ ಮನೆಯಲ್ಲೇ ಇರುವ ನನ್ನನ್ನು ಉದ್ದೇಶಿಸಿಯೇ ಹಾಕಿದ್ದು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಸಂಜೆಯ ಮಾತುಕತೆಯನ್ನು, ಊಟದ ಫೋಟೋಗಳನ್ನು ಬಿಟ್ಟು, ಇಲ್ಲಿ ಇಟ್ಟಿದ್ದೇನೆ.

ಅಂಕೋಲಾ ಚಿಕ್ಕಪ್ಪ: ಪುಟ್ಟಿ, ಇದನ್ನು ನೋಡು. ಸರ್ಕಾರಿ ಪರೀಕ್ಷೆಯ ಅಧಿಸೂಚನೆಗಾಗಿ ಕಾಯುತ್ತ ಕುಳಿತರೆ ವರ್ಷಗಳು ಹೋಗುತ್ತವೆ. ಮೊದಲು ಒಳಗೆ ಕಾಲಿಡು, ಆಮೇಲೆ ದಾರಿ ಸಿಗುತ್ತದೆ.

ದಾಂಡೇಲಿ ದೊಡ್ಡಪ್ಪ: ನಾನು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಾಯಂ ನೌಕರನಾಗಿ ದುಡಿದವನು. ಅದೇ ಗೇಟಿನಿಂದ ಗುತ್ತಿಗೆಯವರೂ ಒಳಗೆ ಬರುತ್ತಿದ್ದರು, ಅದೇ ಯಂತ್ರದ ಮುಂದೆ ನಿಲ್ಲುತ್ತಿದ್ದರು. ಆದರೆ ಹಬ್ಬದ ಬೋನಸ್ಸಿನ ದಿನ ಅವರು ಎಲ್ಲಿ ನಿಂತಿರುತ್ತಿದ್ದರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮನೆಯ ಹುಡುಗಿ ಆ ಸಾಲಿನಲ್ಲಿ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ.

ಶಿರಸಿ ಅತ್ತೆ: ನನಗೆ ಕಾಯ್ದೆ ಗೊತ್ತಿಲ್ಲ, ಆದರೆ ಚೇಣಿ, ಅಂದರೆ ಫಸಲಿನ ಗುತ್ತಿಗೆ, ಗೊತ್ತು. ಅಡಿಕೆ ತೋಟವನ್ನು ಚೇಣಿಗೆ ಹಿಡಿದವನು ಗೊನೆ ಇಳಿಸಿಕೊಂಡು ಹೋಗುತ್ತಾನೆಯೇ ಹೊರತು ಮರದ ಬುಡಕ್ಕೆ ಗೊಬ್ಬರ ಹಾಕುವುದಿಲ್ಲ, ಏಕೆಂದರೆ ಬರುವ ವರ್ಷ ಆ ಮರ ಅವನದಲ್ಲ. ಪುಟ್ಟಿಗೆ ಕೆಲಸ ಕಲಿಸುವವರು ಯಾರು, ಏಜೆನ್ಸಿಯವರೋ ಕಂಪನಿಯವರೋ?

ಹುಬ್ಬಳ್ಳಿ ಭಾವ: ಅತ್ತೆಯವರ ಮಾತಿನಲ್ಲಿ ತಥ್ಯವಿದೆ. ಆದರೂ ನಾನು ಆಚೆ ಬದಿಯಲ್ಲಿ ಕುಳಿತವನಾದ್ದರಿಂದ ಒಂದೆರಡು ಮಾತು ಹೇಳಲೇಬೇಕು. ನಮ್ಮ ಕಂಪನಿಯೂ ಏಜೆನ್ಸಿಗಳ ಮೂಲಕ ಜನರನ್ನು ತೆಗೆದುಕೊಳ್ಳುತ್ತದೆ. ಅಭ್ಯರ್ಥಿಯ ಪಗಾರ, ಅದರ ಮೇಲಿನ ಪಿ.ಎಫ್. (ಭವಿಷ್ಯ ನಿಧಿ) ಮತ್ತು ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವಂತಿಗೆ, ಏಜೆನ್ಸಿಯ ಸೇವಾ ಶುಲ್ಕ, ಒಟ್ಟು ಬಿಲ್ಲಿನ ಮೇಲೆ ಶೇ. 18 ಜಿ.ಎಸ್.ಟಿ., ಇವೆಲ್ಲವನ್ನೂ ನಾವೇ ಕೊಡುತ್ತೇವೆ. ಏಜೆನ್ಸಿಯ ಸಂಪಾದನೆ ನಮ್ಮಿಂದ ಆಗುತ್ತದೆ. ಹಾಗಿರುವಾಗ ಕೆಲಸ ಕೇಳಿಕೊಂಡು ಬಂದವರಿಂದ ₹1,500 ವಸೂಲು ಮಾಡುವುದು ಯಾತಕ್ಕೆ ಎಂಬುದೇ ನನಗೆ ಈ ಜಾಹೀರಾತಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು. ಎರಡನೆಯದು ಆ 17,500.

ನಾನು: ಅದು ಕೈಗೆ ಬರುವ ಪಗಾರವಲ್ಲವೇ ಭಾವ?

ಹುಬ್ಬಳ್ಳಿ ಭಾವ: ಬಹುಶಃ ಅಲ್ಲ. ಲೆಕ್ಕಕ್ಕೆ ಸುಲಭವಾಗಲೆಂದು ನಿನ್ನ ಪಗಾರ ₹15,000 ಎಂದು ಹಿಡಿಯೋಣ. ನಿನ್ನ ಪಾಲಿನ ಪಿ.ಎಫ್. ಶೇ. 12, ಅಂದರೆ ₹1,800, ಇ.ಎಸ್.ಐ. ಶೇ. 0.75, ಅಂದರೆ ₹113. ಕೈಗೆ ಬರುವುದು ₹13,087. ಉದ್ಯೋಗದಾತರ ಪಾಲಿನ ಪಿ.ಎಫ್. ₹1,800, ವಿಮೆ ಮತ್ತು ಆಡಳಿತ ಶುಲ್ಕ ₹150, ಇ.ಎಸ್.ಐ. ಶೇ. 3.25 ಅಂದರೆ ₹488 ಸೇರಿಸಿದರೆ ₹17,438 ಆಗುತ್ತದೆ. ಜಾಹೀರಾತಿನ ಅಂಕಿ ಎಲ್ಲಿಂದ ಬಂದಿರಬಹುದೆಂದು ಈಗ ತಿಳಿಯಿತಲ್ಲ? ಇದು ಮೋಸವೆಂದಲ್ಲ, ಆ ಹಣ ನಿನ್ನ ಹೆಸರಿನಲ್ಲೇ ಕಟ್ಟುವಂಥದ್ದು. ಆದರೆ ಕುಮಟೆಯಿಂದ ಕಾರವಾರಕ್ಕೆ ದಿನಾ ಬಸ್ ಚಾರ್ಜು ಕೊಡುವವಳು 13,087ರಿಂದ ಲೆಕ್ಕ ಶುರುಮಾಡಬೇಕು.

ಅಂಕೋಲಾ ಚಿಕ್ಕಪ್ಪ: ಮನೆಯಲ್ಲಿ ಕುಳಿತರೆ ಬರುವುದು ಸೊನ್ನೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೈಗಾ ಸ್ಥಾವರ ಕಟ್ಟುವಾಗ, ಅರಗಾದ ನೌಕಾನೆಲೆಯ ಕಾಮಗಾರಿಯಲ್ಲಿ, ನಮ್ಮ ಕಡೆಯ ಎಷ್ಟೋ ಹುಡುಗರು ಗುತ್ತಿಗೆದಾರರ ಕೈಕೆಳಗೇ ಕೆಲಸ ಕಲಿತರು. ಅವರಲ್ಲಿ ಕೆಲವರು ಇಂದು ತಾವೇ ಗುತ್ತಿಗೆ ಹಿಡಿಯುತ್ತಿದ್ದಾರೆ.

ದಾಂಡೇಲಿ ದೊಡ್ಡಪ್ಪ: ಕೆಲವರು, ನಿಜ. ಉಳಿದವರು?

ಇಲ್ಲಿ ಹತ್ತು ನಿಮಿಷ ಯಾರೂ ಬರೆಯಲಿಲ್ಲ. ಆಮೇಲೆ ಕಾರವಾರ ಅಕ್ಕ ಬಂದಳು. ಏಜೆನ್ಸಿಯ ನೌಕರಿಯನ್ನು ನಮ್ಮ ಮನೆಯಲ್ಲಿ ನಿಜವಾಗಿ ಮಾಡಿದವಳು ಅವಳೊಬ್ಬಳೇ. ಅವಳ ಸಂದೇಶ ಬರುವವರೆಗೆ ನಾವೆಲ್ಲ ದಡದಲ್ಲಿ ನಿಂತು ಈಜಿನ ಬಗ್ಗೆ ಮಾತಾಡುತ್ತಿದ್ದೆವು.

ಕಾರವಾರ ಅಕ್ಕ: ನಾನು ಒಂದೇ ಕಚೇರಿಯ ಒಂದೇ ಕುರ್ಚಿಯಲ್ಲಿ ಆರು ವರ್ಷ ಕುಳಿತೆ, ಆದರೆ ಕಾಗದದ ಮೇಲೆ ಮೂರು ಏಜೆನ್ಸಿಗಳ ನೌಕರಳಾಗಿದ್ದೆ. ಎರಡು ವರ್ಷಕ್ಕೊಮ್ಮೆ ಟೆಂಡರ್ ಬದಲಾಗುತ್ತಿತ್ತು. ಮಾರ್ಚ್ 31ರಂದು ಹಳೆಯ ಏಜೆನ್ಸಿಗೆ ರಾಜೀನಾಮೆ ಬರೆದುಕೊಟ್ಟು, ಏಪ್ರಿಲ್ 1ರಂದು ಅದೇ ಮೇಜಿನ ಮೇಲೆ ಹೊಸ ಏಜೆನ್ಸಿಯ ನೇಮಕಪತ್ರಕ್ಕೆ ಸಹಿ ಹಾಕುತ್ತಿದ್ದೆ. 1972ರ ಕಾಯ್ದೆಯ ಪ್ರಕಾರ ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಸಿಗಲು ಒಬ್ಬ ಉದ್ಯೋಗದಾತನ ಬಳಿ ಐದು ವರ್ಷ ತುಂಬಬೇಕಿತ್ತು. ನನ್ನದು ಯಾರ ಬಳಿಯೂ ತುಂಬಲಿಲ್ಲ. ನಡುವಿನ ಏಜೆನ್ಸಿಯವರು ಪಗಾರದಿಂದ ಪಿ.ಎಫ್. ಹಿಡಿದುಕೊಂಡು ಏಳು ತಿಂಗಳು ಕಟ್ಟಿರಲೇ ಇಲ್ಲ. ನಾನು ಪಾಸ್‌ಬುಕ್ ನೋಡುವ ಅಭ್ಯಾಸ ಇಟ್ಟುಕೊಂಡಿರಲಿಲ್ಲ, ಅದು ನನ್ನ ತಪ್ಪು. ಗೊತ್ತಾದ ಮೇಲೆ ಕಂಪನಿಗೇ ಲಿಖಿತವಾಗಿ ಕೊಟ್ಟೆವು, ಅವರು ಏಜೆನ್ಸಿಯ ಬಿಲ್ ತಡೆಹಿಡಿದಾಗ ಹಣ ಜಮೆಯಾಯಿತು.

ಹುಬ್ಬಳ್ಳಿ ಭಾವ: ಅದೇ ಸರಿಯಾದ ದಾರಿ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಮೂಲ ಉದ್ಯೋಗದಾತರೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ಕಂಪನಿಯೇ, ಕೊಟ್ಟು, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕೆಂಬುದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಆ ಹೊಣೆ ಉಳಿದಿದೆ. ನೇಮಕಪತ್ರ ಕೊಡುವುದು ಈಗ ಕಡ್ಡಾಯ. ನಿಗದಿತ ಅವಧಿಯ ನೌಕರರಿಗೆ ಐದು ವರ್ಷದ ಬದಲು ಒಂದು ವರ್ಷಕ್ಕೇ ಗ್ರಾಚ್ಯುಯಿಟಿ ಸಿಗುವಂತೆ ಮಾಡಿದ್ದಾರೆ.

ದಾಂಡೇಲಿ ದೊಡ್ಡಪ್ಪ: ಅಳಿಯಂದಿರೇ, ಜಾಹೀರಾತನ್ನು ಇನ್ನೊಮ್ಮೆ ಓದಿ. ಒಪ್ಪಂದ ಹನ್ನೊಂದು ತಿಂಗಳದ್ದು.

ಹುಬ್ಬಳ್ಳಿ ಭಾವ: ನಿಮ್ಮ ಕಣ್ಣು ಚುರುಕು ಮಾವ. ಒಂದು ತಿಂಗಳು ಕಡಿಮೆ ಇಟ್ಟದ್ದು ಆಕಸ್ಮಿಕವೆಂದು ನಾನೂ ಹೇಳಲಾರೆ.

ಶಿರಸಿ ಅತ್ತೆ: ಹಾಗಾದರೆ ಆರು ವರ್ಷ ಕುಳಿತ ಕುರ್ಚಿಯಲ್ಲೇ ಅವಳನ್ನು ಕಾಯಂ ಮಾಡಬೇಕೆಂದು ಕೋರ್ಟಿಗೆ ಹೋಗಬಹುದಿತ್ತಲ್ಲವೇ?

ಹುಬ್ಬಳ್ಳಿ ಭಾವ: ಅದು ಅಷ್ಟು ಸುಲಭವಲ್ಲ ಅತ್ತೆಯವರೇ. ಗುತ್ತಿಗೆ ಪದ್ಧತಿಯನ್ನು ಸರ್ಕಾರ ನಿಷೇಧಿಸಿದರೂ ಕಾರ್ಮಿಕರು ತಾವಾಗಿಯೇ ಕಾಯಂ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2001ರಲ್ಲೇ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. ಗುತ್ತಿಗೆ ಬರೀ ಹೆಸರಿಗೆ, ನಿಜವಾದ ಯಜಮಾನ ಕಂಪನಿಯೇ ಎಂದು ಸಾಬೀತು ಮಾಡಿದರೆ ಮಾತು ಬೇರೆ. ಆ ಸಾಬೀತಿಗೆ ಎಷ್ಟು ವರ್ಷ ಹಿಡಿಯುತ್ತದೆಂದು ಕೇಳಬೇಡಿ.

ಕಾರವಾರ ಅಕ್ಕ: ಇನ್ನೊಂದು ವಿಷಯವನ್ನು ಯಾರೂ ಎತ್ತಲಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ನಮ್ಮ ಕಚೇರಿಗೆ ಕುಮಟೆಯಿಂದ ಬರುತ್ತಿದ್ದವರು ಇಬ್ಬರು. ಕಾಯಂ ಇದ್ದವರು ರಜೆ ಬರೆದುಕೊಟ್ಟರು, ಅವರ ಪಗಾರ ಬಂತು. ಏಜೆನ್ಸಿಯ ಹುಡುಗಿಗೆ ಬಾರದ ದಿನಗಳ ಪಗಾರ ಕತ್ತರಿಸಿದರು. ಗಂಗಾವಳಿ ನದಿಯನ್ನು ದಾಟಿ ದಿನಾ ಬರಬೇಕಾದವಳು ಮಳೆಗಾಲದ ರಜೆಯ ನಿಯಮವೇನೆಂದು ಮೊದಲೇ ಕೇಳಬೇಕು. ಇಷ್ಟೆಲ್ಲ ಹೇಳಿದರೂ, ಪುಟ್ಟಿ, ಆ ಆರು ವರ್ಷ ವ್ಯರ್ಥವಾಯಿತೆಂದು ನಾನು ಹೇಳುವುದಿಲ್ಲ. ಟ್ಯಾಲಿ, ಜಿ.ಎಸ್.ಟಿ. ರಿಟರ್ನ್, ದಾಸ್ತಾನಿನ ಲೆಕ್ಕ, ಎಲ್ಲವನ್ನೂ ನಾನು ಕಲಿತದ್ದು ಅಲ್ಲಿಯೇ, ಕಲಿಸಿದವರು ಆ ಕಚೇರಿಯ ಕಾಯಂ ಗುಮಾಸ್ತರು. ಈಗಿನ ನನ್ನ ನೌಕರಿ ಸಿಕ್ಕಿದ್ದೂ ಆ ಕಲಿಕೆಯಿಂದಲೇ. ಎರಡು ವರ್ಷದಲ್ಲಿ ಹೊರಬೀಳಬೇಕಾದವಳು ಆರು ವರ್ಷ ಕುಳಿತದ್ದು ಮಾತ್ರ ತಪ್ಪಾಯಿತು.

ದಾಂಡೇಲಿ ದೊಡ್ಡಪ್ಪ: ಇದನ್ನು ನೀನು ಆಗ ನಮಗೆ ಹೇಳಲೇ ಇಲ್ಲವಲ್ಲ.

ಕಾರವಾರ ಅಕ್ಕ: ಕಾಯಂ ಆಗಿಲ್ಲವೆಂದು ನೀವು ಪ್ರತಿ ಹಬ್ಬಕ್ಕೂ ಕೇಳುತ್ತಿದ್ದಿರಿ ದೊಡ್ಡಪ್ಪ. ಅದರ ಮೇಲೆ ಇದನ್ನೂ ಹೇಗೆ ಹೇಳಲಿ?

ದೊಡ್ಡಪ್ಪ ಅದಕ್ಕೆ ಉತ್ತರ ಬರೆಯಲಿಲ್ಲ. ಸೋಮವಾರ ನಾನು ಏಜೆನ್ಸಿಗೆ ಫೋನ್ ಮಾಡಿ, ರಾತ್ರಿ ಗುಂಪಿನಲ್ಲಿ ಹೀಗೆ ಬರೆದೆ.

ನಾನು: ಮೂರು ಪ್ರಶ್ನೆ ಕೇಳಿದೆ. ಕೈಗೆ ಬರುವ ಪಗಾರ ₹13,000 ಚಿಲ್ಲರೆ ಎಂದರು, ಭಾವನ ಲೆಕ್ಕ ಸರಿಯಾಗಿತ್ತು. ನೇಮಕಪತ್ರ ಏಜೆನ್ಸಿಯ ಹೆಸರಿನಲ್ಲಿ, ಸೇರಿದ ದಿನವೇ ಕೊಡುತ್ತೇವೆ ಎಂದರು. ಕೆಲಸ ಯಾವ ಕಂಪನಿಯಲ್ಲಿ ಎಂದು ಕೇಳಿದರೆ ಮೊದಲು ಶುಲ್ಕ ಕಟ್ಟಿ, ಆಮೇಲೆ ಹೇಳುತ್ತೇವೆ ಎಂದರು. ಶುಲ್ಕ ಕಟ್ಟುವುದಿಲ್ಲ ಎಂದಾಗ ಒಂದು ನಿಮಿಷ ಯಾರೊಂದಿಗೋ ಮಾತಾಡಿ, ಸರಿ, ನಿಮಗೆ ಮನ್ನಾ ಮಾಡುತ್ತೇವೆ ಎಂದು ಕಂಪನಿಯ ಹೆಸರು ಹೇಳಿದರು.

ದಾಂಡೇಲಿ ದೊಡ್ಡಪ್ಪ: ಬೇರೆ ಎಷ್ಟು ಮಕ್ಕಳು ಕಟ್ಟಿದ್ದಾರೋ ಏನೋ. ಆ ಏಜೆನ್ಸಿಗೆ ಕೆಲಸ ಒಪ್ಪಿಸಿದ್ದು ನಿಜವೇ ಎಂದು ಕಂಪನಿಯ ಗೇಟಿನಲ್ಲೇ ವಿಚಾರಿಸು. ಉಳಿದದ್ದನ್ನು ನಿನ್ನ ಅಕ್ಕನೊಂದಿಗೆ ಕುಳಿತು ನಿರ್ಧರಿಸು, ನನ್ನೊಂದಿಗೆ ಬೇಡ.

ಕಾರವಾರ ಅಕ್ಕ: ಬುಧವಾರ ಬೆಳಿಗ್ಗೆಯ ಬಸ್ಸಿಗೆ ಬಾ. ನಾನು ಅರ್ಧ ದಿನ ರಜೆ ಹಾಕಿ ಬಸ್ ನಿಲ್ದಾಣಕ್ಕೆ ಬರುತ್ತೇನೆ. ನನಗೆ ಈಗ ರಜೆಯಿದೆ.