ಹಳೇ ಪೆಟ್ರೋಲ್ ಪಂಪ್ ಗುರುತಿಸೋ ಕೈಪಿಡಿ ಮಾಡ್ತಿದೀನಿ, ಅನುಭವ ಇರೋರು ಸ್ವಲ್ಪ ಹೇಳಿ

ತುಕ್ಕುಪ್ರೇಮಿ:
ಎಲ್ರಿಗೂ ನಮಸ್ಕಾರ. ಅಮೆರಿಕದ ಹಳೇ ಪೆಟ್ರೋಲ್ ಪಂಪುಗಳು, ಅಂದ್ರೆ 1910ರಿಂದ ಹೆಚ್ಚುಕಮ್ಮಿ 1960ರ ತನಕದ್ದು, ಇವನ್ನ ಕಲೆಕ್ಟ್ ಮಾಡೋರಿಗೆ ಒಂದು ಕೈಪಿಡಿ ಮಾಡೋಣ ಅಂತ ಕೂತಿದೀನಿ. ಫೋಟೋ ರಾಶಿ ಬಿದ್ದಿದೆ, ಹಳೇ ಕ್ಯಾಟಲಾಗ್ ಸ್ಕ್ಯಾನ್‌ಗಳಿವೆ, ಆದ್ರೆ ಜೋಡಿಸೋದು ಹೆಂಗೆ ಅಂತ ತೋಚ್ತಿಲ್ಲ. ಕಂಪನಿ ಹೆಸರು ಹಿಡಿದು ಅಕಾರಾದಿಯಾಗಿ ಇಡ್ಲಾ, ಇಸವಿ ಪ್ರಕಾರ ಇಡ್ಲಾ? ಒಂದೊಂದು ಪಂಪಿಗೂ ಏನೇನು ಬರೀಬೇಕು? ನಕಲಿ ಪಾರ್ಟ್ಸ್ ವಿಷಯ ಇದ್ರಲ್ಲೇ ಸೇರಿಸ್ಬೇಕಾ? ಈ ಥರ ಕೆಲಸ ಮಾಡಿದೋರು ಅಥವಾ ಪಂಪು ಬಿಚ್ಚಿ ಜೋಡಿಸಿದ ಅನುಭವ ಇರೋರು ಹೇಳಿ ಪ್ಲೀಸ್.

ಹತ್ತುಗ್ಯಾಲನ್:
ಅಕಾರಾದಿ ಬೇಡ ಸರ್, ದಯವಿಟ್ಟು. ಕೈಪಿಡಿ ತೆಗೆದು ನೋಡೋನು ಯಾರು ಅಂತ ಮೊದ್ಲು ಯೋಚ್ನೆ ಮಾಡಿ. ಕಂಪನಿ, ಮಾಡೆಲ್ ಎರಡೂ ಗೊತ್ತಿರೋನು ನಿಮ್ಮ ಪುಸ್ತಕ ತೆಗೆಯೋದೇ ಅಪರೂಪ. ತೆಗೆಯೋನು ಅಂದ್ರೆ ಯಾವುದೋ ಶೆಡ್ ಹಿಂದೆ ಗಿಡಗಂಟಿ ಮಧ್ಯೆ ನಿಂತಿರೋ, ಬಾಗಿಲಿಲ್ಲದ, ಕಂಪನಿ ಹೆಸರಿನ ಪ್ಲೇಟ್ ಕಿತ್ತುಹೋಗಿರೋ ಒಂದು ತಗಡಿನ ಅಸ್ಥಿಪಂಜರದ ಮುಂದೆ ನಿಂತಿರೋನು. ಅವನಿಗೆ ಕಾಣೋದು ಆಕಾರ ಒಂದೇ. ಹಂಗಾಗಿ ಮೊದಲ ವಿಂಗಡಣೆ ಆಕಾರದ್ದೇ ಇರ್ಲಿ, ಕಂಪನಿ ಆಮೇಲೆ.

ಆಕಾರ ಅಂದ್ರೆ ದೊಡ್ಡದಾಗಿ ನಾಲ್ಕು ಗುಂಪು. ಮೊದ್ಲು ರಸ್ತೆ ಅಂಚಿನ ಕರ್ಬ್ ಪಂಪು, ಕುಳ್ಳಗೆ, ಕಬ್ಬಿಣದ ಎರಕದ್ದು, ಪಕ್ಕದಲ್ಲಿ ತಿರುಗಿಸೋ ಹ್ಯಾಂಡಲ್ಲು. ಇದರ ಮೂಲ ಬೌಸರ್, ಇಂಡಿಯಾನಾದ ಫೋರ್ಟ್ ವೇಯ್ನ್‌ನಲ್ಲಿ 1885ರಲ್ಲಿ ಸಿಲ್ವೇನಸ್ ಬೌಸರ್ ಒಬ್ಬ ಅಂಗಡಿಯವನಿಗೆ ಸೀಮೆಎಣ್ಣೆ ಅಳೆಯೋ ಪಂಪು ಮಾರಿದ, ಆಗ ಪೆಟ್ರೋಲ್ ಕಾರು ಅನ್ನೋದೇ ಅಮೆರಿಕದ ರಸ್ತೆಲಿ ಇರ್ಲಿಲ್ಲ. ಆಮೇಲೆ ಅದೇ ಉಪಾಯ ಪೆಟ್ರೋಲಿಗೆ ಬಂತು. ಕರ್ಬ್ ಪಂಪಿನ ತೊಂದರೆ ಏನಂದ್ರೆ ಒಳಗೆ ಎಷ್ಟು ಬಂತು ಅಂತ ಗಿರಾಕಿಗೆ ಕಾಣ್ತಿರ್ಲಿಲ್ಲ, ಅಳತೇಲಿ ಮೋಸ ಆಗ್ತಿದೆ ಅನ್ನೋ ಅನುಮಾನ ಯಾವಾಗ್ಲೂ ಇರೋದು. ಅದಕ್ಕೇ ಎರಡನೇ ಗುಂಪು ಹುಟ್ಟಿದ್ದು, ವಿಸಿಬಲ್ ಪಂಪು. ಮೇಲ್ಗಡೆ ಗಾಜಿನ ಸಿಲಿಂಡರ್, ಒಳಗೆ ಗ್ಯಾಲನ್ ಗುರುತು, ಬಂಕಿನವನು ಲಿವರ್ ಎಳೆದು ಎಳೆದು ಪೆಟ್ರೋಲ್ ಮೇಲಕ್ಕೆ ಏರಿಸ್ತಾನೆ, ಆಮೇಲೆ ಅದು ತನ್ನ ಭಾರಕ್ಕೆ ತಾನೇ ಹೋಸ್‌ನಲ್ಲಿ ಇಳೀತದೆ. 5 ಗ್ಯಾಲನ್‌ದೂ ಇವೆ, ಜಾಸ್ತಿ ಸಿಗೋದು 10 ಗ್ಯಾಲನ್‌ದು, ಅಂದ್ರೆ ಸುಮಾರು 38 ಲೀಟರ್. ಬಣ್ಣ ಹಾಕಿದ ಪೆಟ್ರೋಲ್ ಗಾಜಲ್ಲಿ ತುಂಬಿ ನಿಲ್ಲೋದು ದೂರದಿಂದಲೇ ಜಾಹೀರಾತು ಆಗ್ತಿತ್ತು. 1920ರ ದಶಕ ಪೂರ್ತಿ ಇವರದ್ದೇ ದರ್ಬಾರು.

ಮೂರನೇದು ಕ್ಲಾಕ್ ಫೇಸ್. ಒಳಗೆ ಮೀಟರ್ ಬಂತು, ಗಾಜಿನ ಸಿಲಿಂಡರ್ ಬೇಡವಾಯ್ತು, ಅದರ ಜಾಗದಲ್ಲಿ ಗಡಿಯಾರದ ಥರ ಮುಳ್ಳು ತಿರುಗೋ ದೊಡ್ಡ ಡಯಲ್. ಗ್ಯಾಲನ್ ತೋರಿಸ್ತದೆ, ದುಡ್ಡಿನ ಲೆಕ್ಕ ಬಂಕಿನವನೇ ಹಾಕ್ಬೇಕು. 1920ರ ದಶಕದ ಕೊನೆಯಿಂದ 30ರ ಮಧ್ಯದವರೆಗೆ ಅಷ್ಟೇ ಇದರ ಆಯಸ್ಸು, ಅದಕ್ಕೇ ಇವತ್ತು ಕಮ್ಮಿ ಸಿಗೋದು. ನಾಲ್ಕನೇದು ಕಂಪ್ಯೂಟಿಂಗ್ ಪಂಪು, 1930ರ ದಶಕದ ಶುರುವಿನಲ್ಲಿ ಬಂದಿದ್ದು, ಚಕ್ರ ತಿರುಗಿ ಗ್ಯಾಲನ್ನೂ ಮೊತ್ತವೂ ಒಟ್ಟಿಗೆ ಬೀಳ್ತದೆ. ಆ ಲೆಕ್ಕದ ಯಂತ್ರ ವೀಡರ್ ರೂಟ್ ಅನ್ನೋ ಕಂಪನಿದು, ಬೇರೆ ಬೇರೆ ಪಂಪ್ ಕಂಪನಿಯವರೆಲ್ಲ ಅದನ್ನೇ ತಂದು ಒಳಗೆ ಕೂರಿಸ್ತಿದ್ರು.

ನಟ್ಟುಬೋಲ್ಟು:
ಮೇಲಿನವರು ಹೇಳಿದ್ದು ಸರಿ. ಅದಕ್ಕಿಂತ ಮುಂಚೆ ಒಂದು ವಿಷಯ ದಪ್ಪಕ್ಷರದಲ್ಲಿ ಮೊದಲ ಪುಟದಲ್ಲೇ ಹಾಕಿ. ಪಂಪು ಮಾಡಿದ ಕಂಪನಿ ಬೇರೆ, ಪಂಪಿನ ಮೇಲೆ ಹೆಸರಿರೋ ಎಣ್ಣೆ ಕಂಪನಿ ಬೇರೆ. "ನನ್ಹತ್ರ ಟೆಕ್ಸಾಕೋ ಪಂಪು ಇದೆ, ಯಾವ ವರ್ಷದ್ದು" ಅಂತ ಕೇಳೋರಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಟೆಕ್ಸಾಕೋ ಪಂಪು ಮಾಡಲ್ಲ ಮಾರಾಯ್ರೆ, ಕೆಂಪು ಬಣ್ಣ ಹೊಡೆಸಿ ನಿಲ್ಲಿಸ್ತಿತ್ತು ಅಷ್ಟೇ. ಒಳಗಿರೋದು ವೇಯ್ನ್ ಆಗಿರ್ಬಹುದು, ಟೋಕ್‌ಹೈಮ್ ಆಗಿರ್ಬಹುದು, ಬೆನೆಟ್ ಆಗಿರ್ಬಹುದು, ಗಿಲ್‌ಬಾರ್ಕೋ ಆಗಿರ್ಬಹುದು. ಟೆಕ್ಸಾಕೋದ ಫೈರ್ ಚೀಫ್ ಅನ್ನೋ ಪೆಟ್ರೋಲ್ ಬಂದಿದ್ದೇ 1932ರಲ್ಲಿ, ಹಂಗಂತ ಫೈರ್ ಚೀಫ್ ಬಣ್ಣ ಇರೋ ವಿಸಿಬಲ್ ಪಂಪೆಲ್ಲ 1932ರ ನಂತರ ತಯಾರಾಗಿದ್ದು ಅಂತಲ್ಲ, ಹತ್ತು ವರ್ಷ ಹಳೇ ಪಂಪಿಗೂ ಹೊಸ ಬಣ್ಣ ಹೊಡೀತಿದ್ರು. ಬಣ್ಣದ ವಯಸ್ಸು ಬೇರೆ, ಕಬ್ಬಿಣದ ವಯಸ್ಸು ಬೇರೆ.

ಇನ್ನೊಂದು ಎಡವೋ ಜಾಗ. ಪ್ಲೇಟಿನ ಮೇಲೆ ಫೋರ್ಟ್ ವೇಯ್ನ್ ಅಂತ ಅರ್ಧಂಬರ್ಧ ಕಂಡ್ರೆ ಎಲ್ರೂ ವೇಯ್ನ್ ಪಂಪು ಅಂತಾರೆ. ಬೌಸರ್ ಅದೇ ಊರು, ವೇಯ್ನ್ ಅದೇ ಊರು, ಟೋಕ್‌ಹೈಮ್ ಕೂಡ ಅಯೋವಾದಿಂದ 1918ರಲ್ಲಿ ಅದೇ ಊರಿಗೆ ಬಂದು ಕೂತಿದ್ದು. ಊರಿನ ಹೆಸರು ನೋಡಿ ತೀರ್ಮಾನ ಮಾಡೋ ಹಾಗೇ ಇಲ್ಲ. ಮಾಡೆಲ್ ನಂಬರ್ ಕಥೆನೂ ಹಂಗೇ, ವೇಯ್ನ್ 80 ಇದೆ, ಮಾರ್ಟಿನ್ ಅಂಡ್ ಶ್ವಾರ್ಟ್ಸ್ 80 ಅಂತಲೂ ಇದೆ, ಎರಡೂ ಬೇರೆ ಬೇರೆ. ಬರೀ "80" ಅಂತ ಎಲ್ಲೂ ಬರೀಬೇಡಿ.

ತುಕ್ಕುಪ್ರೇಮಿ:
ಇದು ಉಪಯೋಗ ಆಯ್ತು, ಥ್ಯಾಂಕ್ಸ್. ಅಡ್ಡಹೆಸರುಗಳನ್ನ ಏನು ಮಾಡೋದು? ಮೇ ವೆಸ್ಟ್ ಅಂತ ಕರೀತಾರಲ್ಲ ಅದು ಯಾವ ಕಂಪನಿ ಅಂತ ನಂಗೇ ತುಂಬಾ ದಿನ ಗೊತ್ತಿರ್ಲಿಲ್ಲ.

ನಟ್ಟುಬೋಲ್ಟು:
ಅದು ಫ್ರೈ 117, ಪೆನ್ಸಿಲ್ವೇನಿಯಾದ ಗ್ಯಾರಂಟಿ ಲಿಕ್ವಿಡ್ ಮೆಷರ್ ಕಂಪನಿದು. ಸೊಂಟ ಸಣ್ಣ ಇದೆ ಅಂತ ಆ ನಟಿ ಹೆಸರು ಅಂಟಿಸಿದಾರೆ. ಅಡ್ಡಹೆಸರಿಗೆ ಹಿಂದ್ಗಡೆ ಬೇರೆ ಸೂಚಿ ಕೊಡಿ, ಮುಖ್ಯ ಹೆಸರಾಗಿ ಬಳಸ್ಬೇಡಿ. ಮಾರೋರು ಬಳಸೋದು ಅದನ್ನೇ ಆದ್ರಿಂದ ಬಿಡೋ ಹಾಗೂ ಇಲ್ಲ.

ಪೇಟೆಂಟ್‌ಪುಟ್ಟ:
ಇಸವಿ ಹಿಡಿಯೋ ವಿಷಯಕ್ಕೆ ನಂದು. ಕ್ಯಾಟಲಾಗ್ ನಂಬೋದಕ್ಕಿಂತ ಪಂಪಿನ ಮೇಲೇ ಇರೋ ಸಾಕ್ಷಿ ನಂಬಿ, ಅದ್ರಲ್ಲೂ ಪೇಟೆಂಟ್ ನಂಬರ್. ಹಿತ್ತಾಳೆ ಪ್ಲೇಟ್ ಮೇಲೆ ಸಾಲಾಗಿ ನಂಬರ್ ಇರ್ತವೆ, ಅದ್ರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ನೋಡಿ. ಅಮೆರಿಕದಲ್ಲಿ 10 ಲಕ್ಷದ ಪೇಟೆಂಟ್ ಕೊಟ್ಟಿದ್ದು 1911ರಲ್ಲಿ, 15 ಲಕ್ಷದ್ದು 1924ರಲ್ಲಿ, 20 ಲಕ್ಷದ್ದು 1935ರಲ್ಲಿ. ಈ ಮೂರು ನೆನಪಿದ್ರೆ ಬಯಲಲ್ಲಿ ನಿಂತೇ ಅಂದಾಜು ಸಿಗ್ತದೆ. ಆದ್ರೆ ಇದು ಹೇಳೋದು "ಇದಕ್ಕಿಂತ ಮುಂಚೆ ಅಲ್ಲ" ಅಂತ ಮಾತ್ರ, ಒಂದೇ ಅಚ್ಚಿನ ಪ್ಲೇಟನ್ನ ವರ್ಷಗಟ್ಟಲೆ ಹಾಕ್ತಿದ್ರು. ಡಿಸೈನ್ ಪೇಟೆಂಟ್‌ದು ಬೇರೆ ಸರಣಿ, ನಂಬರ್ ಚಿಕ್ಕದಿರ್ತದೆ, ಅದನ್ನ ನೋಡಿ ಇದು 1800ರ ಕಾಲದ್ದು ಅಂತ ಹಾರಾಡ್ಬೇಡಿ. ಆದ್ರೆ ಡಿಸೈನ್ ಪೇಟೆಂಟೇ ನಿಮ್ಗೆ ಹೆಚ್ಚು ಕೆಲ್ಸಕ್ಕೆ ಬರೋದು, ಪಂಪಿನ ಹೊರ ಆಕಾರದ ಗೆರೆಚಿತ್ರನೇ ಅದ್ರಲ್ಲಿರ್ತದೆ, ತುಕ್ಕು ಹಿಡಿದಿರೋದನ್ನ ಪಕ್ಕಕ್ಕಿಟ್ಟು ಹೋಲಿಸ್ಬಹುದು. ಪೇಟೆಂಟ್ ಹಾಳೆಗಳು ಆನ್‌ಲೈನಲ್ಲಿ ಪುಕ್ಕಟೆ.

ಕಂಪನಿ ಹೆಸರು ಬದಲಾದ ವರ್ಷಗಳ ಒಂದು ಪುಟ ಮಾಡಿ, ಇದು ನಿಜವಾಗ್ಲೂ ಚಿನ್ನ. ಪ್ಲೇಟಲ್ಲಿ ಸಿಮಿಂಗ್ಟನ್ ವೇಯ್ನ್ ಅಂತಿದ್ರೆ 1958ಕ್ಕಿಂತ ಮುಂಚಿನದಲ್ಲ. ಈಥೈಲ್ (ಪೆಟ್ರೋಲಿಗೆ ಬೆರೆಸ್ತಿದ್ದ ಸೀಸದ ಮಿಶ್ರಣದ ಬ್ರ್ಯಾಂಡ್) ಲೋಗೋ ಕೆಳಗೆ ಸಣ್ಣಕ್ಷರದಲ್ಲಿ ಈಥೈಲ್ ಗ್ಯಾಸೋಲಿನ್ ಕಾರ್ಪೊರೇಷನ್ ಅಂತಿದ್ರೆ 1924ರಿಂದ 1942ರ ಒಳಗಿನದು, ಬರೀ ಈಥೈಲ್ ಕಾರ್ಪೊರೇಷನ್ ಅಂತಿದ್ರೆ ಅದರ ನಂತರದ್ದು. ಟೆಕ್ಸಾಕೋ ಅನ್ನೋದು ಬ್ರ್ಯಾಂಡ್ ಆಗಿ ಹಳೇದು, ಕಂಪನಿ ಹೆಸರು ಮಾತ್ರ 1959ರ ತನಕ ದಿ ಟೆಕ್ಸಾಸ್ ಕಂಪನಿ. ಸೊಕೊನಿ ವ್ಯಾಕ್ಯೂಮ್ ಅನ್ನೋ ಎಣ್ಣೆ ಕಂಪನಿ ಹೆಸರು ಇದ್ದಿದ್ದು 1931ರಿಂದ 1955. ಸ್ಟಿಕ್ಕರ್ ಮೇಲಿನ ವಿಳಾಸದಲ್ಲಿ ಐದಂಕಿ ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ಇದ್ರೆ 1963ರ ನಂತರ. ತೂಕ ಅಳತೆ ಇಲಾಖೆಯವರ ಸೀಲ್ ಸಿಕ್ರೆ ಆ ವರ್ಷ ಪಂಪು ಕೆಲಸ ಮಾಡ್ತಿತ್ತು ಅಂತಷ್ಟೇ ಅರ್ಥ, ಹುಟ್ಟಿದ ವರ್ಷ ಅಲ್ಲ.

ಕಂಪ್ಯೂಟಿಂಗ್ ಪಂಪಲ್ಲಿ ಇನ್ನೊಂದು ಎಚ್ಚರ, ಒಳಗಿನ ವೀಡರ್ ರೂಟ್ ಯಂತ್ರಕ್ಕೆ ಅದರದ್ದೇ ಪ್ಲೇಟ್ ಇರ್ತದೆ. ಅದನ್ನ ಮಧ್ಯದಲ್ಲಿ ಬದಲಾಯಿಸಿರ್ತಾರೆ. ಹಳೇ ಯಂತ್ರಗಳಲ್ಲಿ ಗ್ಯಾಲನ್ ಬೆಲೆ 99.9 ಸೆಂಟ್ ದಾಟಿ ಹಾಕೋಕೆ ಜಾಗನೇ ಇರ್ಲಿಲ್ಲ, 1979ರ ಸುಮಾರಿಗೆ ಬೆಲೆ ಡಾಲರ್ ಮುಟ್ಟಿದಾಗ ಬಂಕಿನವರು ಅರ್ಧ ಬೆಲೆ ಸೆಟ್ ಮಾಡಿ ಬಂದ ಮೊತ್ತನ ಎರಡರಿಂದ ಗುಣಿಸಿ ತಗೋತಿದ್ರು. ಹಂಗೆ ಬರೆದ ಚೀಟಿ ಅಂಟಿರೋ ಪಂಪು ಸಿಕ್ರೆ ದಯವಿಟ್ಟು ಕೆರೀಬೇಡಿ, ಅದೂ ಚರಿತ್ರೆನೇ.

ತುಕ್ಕುಪ್ರೇಮಿ:
ಸೂಪರ್. ಮೇಲಿನ ಗ್ಲೋಬ್‌ಗಳು? ಅವನ್ನೂ ಹಾಕ್ಲಾ?

ಹಳೇಗಾಜು:
ಹಾಕಿ, ಆದ್ರೆ ಬೇರೆ ಭಾಗ ಮಾಡಿ. ಗ್ಲೋಬ್ ಅನ್ನೋದು ಪಂಪಿನ ತಲೆ ಮೇಲಿನ ಟೋಪಿ, ಎಣ್ಣೆ ಕಂಪನಿ ಹೆಸರಿರೋ ದೀಪದ ಬುರುಡೆ, ಯಾರ ಟೋಪಿ ಯಾರ ತಲೆಗಾದ್ರೂ ಕೂರ್ತದೆ, ಹಂಗಾಗಿ ಗ್ಲೋಬ್ ನೋಡಿ ಪಂಪಿನ ವಯಸ್ಸು ಹೇಳೋಕೆ ಹೋಗ್ಬೇಡಿ. ಗ್ಲೋಬಲ್ಲಿ ನೋಡ್ಬೇಕಾಗಿದ್ದು ಮೂರು. ಒಂದೇ ತುಂಡಿನ ಗಾಜಾ, ಇಲ್ಲ ಎರಡು ಕಡೆ ಲೆನ್ಸ್, ಅಂದ್ರೆ ಹೆಸರು ಬರೆದಿರೋ ದುಂಡು ಬಿಲ್ಲೆ, ಕೂರಿಸಿದ್ದಾ. ಲೆನ್ಸ್ ಇದ್ರೆ ಬಾಡಿ ಲೋಹದ್ದಾ, ಗಾಜಿನದಾ, ಪ್ಲಾಸ್ಟಿಕ್ಕಾ. ಆಮೇಲೆ ಲೆನ್ಸ್ ಅಗಲ. ಲೋಹದ ಬಾಡಿಗೆ ಸಾಮಾನ್ಯವಾಗಿ 15 ಇಲ್ಲಾ 16.5 ಇಂಚು, ಗಾಜು ಮತ್ತು ಪ್ಲಾಸ್ಟಿಕ್ ಬಾಡಿಗೆ 13.5 ಇಂಚು. ಒಂದೇ ತುಂಡಿನವು ಎಲ್ಲಕ್ಕಿಂತ ಹಳೇವು, ಪ್ಲಾಸ್ಟಿಕ್ ಕಡೆಗೆ ಬಂದಿದ್ದು, ಆದ್ರೆ ಸ್ಟ್ಯಾಂಡರ್ಡ್‌ನ ಕಿರೀಟ, ಶೆಲ್‌ನ ಚಿಪ್ಪು ಈ ಆಕಾರದ ಗ್ಲೋಬೆಲ್ಲ ಒಂದೇ ತುಂಡಲ್ಲೇ ಬಹಳ ಕಾಲ ನಡೆದ್ವು, ಹಂಗಾಗಿ ಒಂದೇ ತುಂಡು ಅಂದ ತಕ್ಷಣ 1915 ಅಂತ ಬರೀಬೇಡಿ.

ನಕಲಿ ವಿಷಯ ಸೇರಿಸ್ಲೇಬೇಕು. ಅದಿಲ್ಲದ ಕೈಪಿಡಿ ಇವತ್ತಿಗೆ ಅರ್ಧ ಕೈಪಿಡಿ. ಗ್ಲೋಬು, ಡಯಲ್ಲು, ಎನಾಮಲ್ (ಗಾಜಿನಂಥ ಬಣ್ಣ ಸುಟ್ಟು ಕೂರಿಸಿದ) ಪ್ಲೇಟು, ಕೊನೆಗೆ ಇಡೀ ಪಂಪೇ ಫೈಬರ್‌ಗ್ಲಾಸಲ್ಲಿ ಹೊಸದಾಗಿ ಮಾಡ್ತಾರೆ. ನಕಲು ಅಂತ ಹೇಳಿ ಮಾರಿದ್ರೆ ತಪ್ಪೇನಿಲ್ಲ, ನಾಲ್ಕು ಕೈ ದಾಟೋ ಹೊತ್ತಿಗೆ ಆ ಮಾತು ಮರೆತೋಗಿರ್ತದೆ ಅದೇ ಸಮಸ್ಯೆ. ಎನಾಮಲ್ ಪ್ಲೇಟಲ್ಲಿ ಬೆರಳ ಉಗುರು ಓಡಿಸಿ, ಅಸಲಿದ್ರಲ್ಲಿ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗೋ ಕಡೆ ಮೆಟ್ಟಿಲ ಥರ ತಡೆ ಸಿಗ್ತದೆ. ಸ್ಕ್ರೂ ತೂತಿನ ಸುತ್ತ ಸವೆತ ಎಲ್ಲಿದೆ ನೋಡಿ, ನಿಜವಾಗ್ಲೂ ಬಿಗಿದಿದ್ದ ಪ್ಲೇಟಲ್ಲಿ ಒತ್ತಡ ಬಿದ್ದ ಕಡೆ ಎನಾಮಲ್ ಹಾರಿರ್ತದೆ, ನಕಲಿನಲ್ಲಿ ನಾಲ್ಕೂ ತೂತಿಗೆ ಒಂದೇ ಥರ ಅಚ್ಚುಕಟ್ಟಾಗಿ ತುಕ್ಕು. ಟೆಕ್ಸಾಕೋ ಪ್ಲೇಟುಗಳ ಕೆಳಅಂಚಲ್ಲಿ ಸಣ್ಣಕ್ಕೆ ತಾರೀಕು ಇರ್ತದೆ ಅಂತ ಎಲ್ರೂ ಅದನ್ನೇ ನೋಡ್ತಾರೆ, ನಕಲು ಮಾಡೋನು ತಾರೀಕನ್ನೂ ನಕಲು ಮಾಡ್ತಾನಲ್ಲ.

ನಟ್ಟುಬೋಲ್ಟು:
ನನ್ನ ಕೇಳಿದ್ರೆ ಗ್ಲೋಬ್ ಬೇಡ್ವೇ ಬೇಡ, ಅದೊಂದು ಸಮುದ್ರ, ಒಳಗೆ ಇಳಿದ್ರೆ ಪಂಪಿನ ಪುಸ್ತಕ ಮುಗಿಯಲ್ಲ.

ಹಳೇಗಾಜು:
ನಾಲ್ಕು ಪುಟ ಸಾಕು ಅಂದೆ, ನಾನೂರು ಅಲ್ಲ 😄

ಅಳತೆಕೋಲು:
ಪ್ರತಿ ಪಂಪಿಗೂ ಏನು ಬರೀಬೇಕು ಅನ್ನೋ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹೇಳ್ತೀನಿ. ಎತ್ತರ ಅಂತ ಒಂದು ಸಂಖ್ಯೆ ಬರೆದ್ರೆ ಪ್ರಯೋಜನ ಇಲ್ಲ, ಗ್ಲೋಬ್ ಸೇರಿಸಿಯಾ ಬಿಟ್ಟಾ ಅಂತ ಗೊತ್ತಾಗಲ್ಲ, ಬುಡ ಕತ್ತರಿಸಿರೋ ಪಂಪುಗಳೂ ಇರ್ತವೆ. ಅದರ ಬದ್ಲು ಬದಲಾಗದೆ ಇರೋ ಅಳತೆ ತಗೊಳ್ಳಿ, ಬುಡದ ಬೋಲ್ಟ್ ತೂತಿಂದ ತೂತಿಗೆ ಎಷ್ಟು, ಡಯಲ್ ಕಿಟಕಿ ಅಗಲ ಎಷ್ಟು, ಬಾಗಿಲಿನ ಎತ್ತರ ಎಷ್ಟು, ಬಾಗಿಲ ಬೀಗ ಯಾವ ಕಡೆ. ಪಾರ್ಟ್ ಹುಡುಕೋರಿಗೂ ಇದೇ ಬೇಕು. ಎರಕದ ಭಾಗದ ಒಳಮೈಯಲ್ಲಿ ಉಬ್ಬಿರೋ ಅಕ್ಷರ, ನಂಬರ್ ಇರ್ತವೆ, ಹೊರಗಿನ ಪ್ಲೇಟ್ ಹೋದ್ರೂ ಅದು ಉಳಿದಿರ್ತದೆ, ಟಾರ್ಚ್ ಓರೆಯಾಗಿ ಹಿಡಿದು ಫೋಟೋ ತಗೊಳ್ಳಿ, ನೇರ ಫ್ಲ್ಯಾಶ್ ಹೊಡೆದ್ರೆ ಏನೂ ಕಾಣಲ್ಲ. ಅಕ್ಷರ ಕಾಣ್ಲಿ ಅಂತ ಉಜ್ಜೋಕೆ ಹೋಗ್ಬೇಡಿ, ಆ ಕಾಲದ ಬಣ್ಣದಲ್ಲಿ ಸೀಸ ಇರ್ತದೆ, ಆ ಧೂಳು ಒಳಗೆ ಹೋಗ್ಬಾರ್ದು.

ಫೋಟೋ ಮುಂದೆ, ಪಕ್ಕ, ಹಿಂದೆ, ಬಾಗಿಲು ತೆಗೆದು ಒಳಗೆ, ಇಷ್ಟು ಇರ್ಲೇಬೇಕು. ಪಾಲಿಶ್ ಮಾಡಿ ಮಿಂಚೋ ಪಂಪಿನ ಫೋಟೋ ಮುಖಪುಟಕ್ಕೆ ಚಂದ, ಗುರುತಿಸೋಕೆ ಮಾತ್ರ ಕೈ ಹಾಕದಿರೋ ಪಂಪಿನದೇ ಬೇಕು, ಯಾಕಂದ್ರೆ ರೆಸ್ಟೋರ್ ಮಾಡಿದೋರು ಒಂದು ಕಂಪನಿ ಬಾಗಿಲು ಇನ್ನೊಂದು ಪಂಪಿಗೆ ಹಾಕಿರ್ತಾರೆ, ನೀವು ಅದನ್ನೇ ಮಾದರಿ ಅಂತ ಅಚ್ಚು ಹಾಕಿದ್ರೆ ಮುಂದಿನವರೆಲ್ಲ ಅದೇ ತಪ್ಪು ನಕಲು ಮಾಡ್ತಾರೆ. ಜೊತೆಗೆ ಪ್ರತಿ ಮಾಹಿತಿ ಪಕ್ಕ ಒಂದು ಸಣ್ಣ ಗುರುತು ಹಾಕಿ, ಪ್ಲೇಟಿಂದ ಬಂದಿದ್ದಾ, ಪೇಟೆಂಟಿಂದಾ, ಕ್ಯಾಟಲಾಗಿಂದಾ, ಇಲ್ಲ ಯಾರೋ ಹೇಳಿದ್ದಾ ಅಂತ. ಈ ಹವ್ಯಾಸದಲ್ಲಿ ಓಡಾಡೋ ಇಸವಿಗಳಲ್ಲಿ ತುಂಬಾನೇ ನಾಲ್ಕನೇ ಜಾತಿಯವು.

ತುಕ್ಕುಪ್ರೇಮಿ:
ಹಳೇ ಕ್ಯಾಟಲಾಗ್ ಚಿತ್ರ ಹಾಕಿದ್ರೆ ಕಾಪಿರೈಟ್ ತಕರಾರು ಬರ್ತದಾ?

ಪೇಟೆಂಟ್‌ಪುಟ್ಟ:
ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ದಾಟಿದ್ದು ಮುಕ್ತ, ಹಂಗಾಗಿ ಕರ್ಬ್ ಮತ್ತೆ ವಿಸಿಬಲ್ ಕಾಲದ ಕ್ಯಾಟಲಾಗ್ ಬಹುಪಾಲು ಆರಾಮಾಗಿ ಬಳಸ್ಬಹುದು. ಆಮೇಲಿನವಕ್ಕೆ ಒಂದೊಂದಾಗಿ ನೋಡ್ಬೇಕು, ಅನುಮಾನ ಬಂದ ಕಡೆ ಪೇಟೆಂಟ್ ಚಿತ್ರ ಹಾಕಿ. ಬೇರೆ ಕಲೆಕ್ಟರ್‌ಗಳು ತೆಗೆದ ಫೋಟೋಗೆ ಮಾತ್ರ ಕೇಳಿ ತಗೊಳ್ಳಿ, ಸೀರಿಯಲ್ ನಂಬರ್ ತೋರಿಸ್ಬಹುದಾ ಅಂತಲೂ ಕೇಳಿ, ಕೆಲವರಿಗೆ ಅದು ಇಷ್ಟ ಆಗಲ್ಲ.

ತುಕ್ಕುಪ್ರೇಮಿ:
ಆಯ್ತು, ಹಂಗಾದ್ರೆ ಮೊದ್ಲು ಆಕಾರ, ಆಮೇಲೆ ಪ್ಲೇಟು ಮತ್ತೆ ಎರಕದ ಗುರುತು, ಕೊನೇಲಿ ಬಣ್ಣ, ಗ್ಲೋಬ್ ನಾಲ್ಕೇ ಪುಟ. ಕ್ಲಾಕ್ ಫೇಸ್ ಗುಂಪು ಚಿಕ್ಕದಿರೋದ್ರಿಂದ ಅದನ್ನೇ ಮೊದ್ಲು ಮುಗಿಸ್ತೀನಿ. ಈರೀ ಕಂಪನಿದು, ಟೋಕ್‌ಹೈಮ್ ವಾಲ್ಯುಮೀಟರ್‌ದು ನನ್ಹತ್ರ ಮುಂಭಾಗದ ಫೋಟೋ ಮಾತ್ರ ಇದೆ. ಬಾಗಿಲು ತೆಗೆದಿರೋ ಫೋಟೋ, ಬುಡದ ತೂತಿನ ಅಳತೆ ಇರೋರು ಇಲ್ಲೇ ಹಾಕಿ, ರೆಸ್ಟೋರ್ ಆಗಿದ್ಯಾ ಇಲ್ವಾ ಅನ್ನೋದನ್ನೂ ಒಂದು ಮಾತು ಬರೀರಿ.