ಸಹಾಯ ಬೇಕು: ವೇಷದ ಸ್ಕೆಚ್ ನೋಡಿ ಬಟ್ಟೆ ಕತ್ತರಿಸಬಲ್ಲವರು ಬಳ್ಳಾರಿಯಲ್ಲಿ ಇದ್ದೀರಾ?

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಸಣ್ಣ ಹವ್ಯಾಸಿ ತಂಡ. ಇಂಗ್ಲೆಂಡಿನ ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ, ಜಪಾನಿನಲ್ಲಿ ನಡೆಯೋ ಕಥೆಯ ‘ದಿ ಮಿಕಾಡೊ’ ಹಾಸ್ಯ ಸಂಗೀತ ನಾಟಕವನ್ನ ಕನ್ನಡಕ್ಕೆ ತಂದು, ಹಾರ್ಮೋನಿಯಂ, ತಬಲಾ ಇಟ್ಕೊಂಡು ರಾಘವ ಕಲಾಮಂದಿರದಲ್ಲಿ ಆಡಬೇಕಂತ ಆಸೆ. ಹಾಡು ಕುದುರಿದಾವು, ವೇಷ ಕುದುರ್ತಿಲ್ಲ.

ಈ ನಾಟಕ ಮೊದಲು ಆಡಿದ್ದು 1885ರಲ್ಲಿ, ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ. 1926ರಲ್ಲಿ ಚಾರ್ಲ್ಸ್ ರಿಕೆಟ್ಸ್ ಎಂಬ ಕಲಾವಿದರು ಹೊಸದಾಗಿ ವೇಷ ಬರೆದುಕೊಟ್ಟರು. ಆ ಸ್ಕೆಚ್‌ಗಳ ಪ್ರಿಂಟ್ ತೆಗೆಸಿ ನಮ್ಮ ಓಣಿ ಟೈಲರಣ್ಣಗೆ ತೋರಿಸಿದೆ. ಜೀನ್ಸ್ ಹೊಲಿದು ಪಳಗಿದ ಕೈ ಅವರದು. ಚಿತ್ರ ತಿರುಗಿಸಿ ಮುರುಗಿಸಿ ನೋಡಿ, “ಇದಕ್ಕ ಜಿಪ್ ಎಲ್ಲಿ ಇಡ್ಲಿ?” ಅಂದರು!

ಸ್ಕೆಚ್‌ನಲ್ಲಿ ಮಡಿಕೆ, ಬಣ್ಣ, ನಿಲುವು ಎಲ್ಲ ಚಂದ ಕಾಣ್ತದೆ, ಅಳತೆ ಮಾತ್ರ ಇರಲ್ಲ. ಇದರ ವೇಷ ಅಂದ್ರೆ ಜಪಾನಿನ ನಿಲುವಂಗಿ ಕಿಮೋನೊ, ಅದು ನಿಜಕ್ಕೂ ಸರಳ ಕಟಿಂಗ್: ಸುಮಾರು 36 ಸೆಂ.ಮೀ. ಅಗಲದ ಪಟ್ಟಿಗಳನ್ನ ನೇರಕ್ಕೆ ಕತ್ತರಿಸಿ ಜೋಡಿಸೋದು. ಉಟ್ಟವರ ಎಡಮಗ್ಗಲು ಬಲಮಗ್ಗಲಿನ ಮೇಲೆ ಬರಬೇಕು; ಬಲಮಗ್ಗಲು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸೋ ರೀತಿ. ಹಾಸ್ಯ ನಾಟಕದಲ್ಲಿ ಅಂಥ ಎಡವಟ್ಟು ಬೇಡ.

ರೇಷ್ಮೆ ನಮ್ಮ ಜೇಬಿಗೂ ಆಗಲ್ಲ, ಬಳ್ಳಾರಿ ಬಿಸಿಲಿಗೂ ಆಗಲ್ಲ. ತೆಳು ಕಾಟನ್‌ಗೆ ಗಂಜಿ ಹಾಕಿದರೆ ತೋಳು ನೆಟ್ಟಗೆ ನಿಲ್ತಾವಾ? ಇಳಕಲ್ ಸೀರೆ ಸೆರಗನ್ನ ಸೊಂಟಪಟ್ಟಿ ಮಾಡಬಹುದಾ? ಕಂಪನಿ ನಾಟಕಕ್ಕೆ ವೇಷ ಹೊಲಿದ ಹಿರಿಯರು ಯಾರಾದರೂ ಗೊತ್ತಿದ್ದರೆ ಇಲ್ಲೇ ತಿಳಿಸಿ. ಮಜೂರಿ ಕೊಡ್ತೀವಿ, ಮಿರ್ಚಿ ಮಂಡಕ್ಕಿ ಬೇರೆ.