ತಂದೆ, ಮಗ, ಪವಿತ್ರಾತ್ಮ: ಮೂವರಿಗೆ ‘ಹೆಸರು’ ಒಂದೇ ಏಕೆ?

ಪ್ರಶ್ನೆ: ತುಮಕೂರಿನ ಒಬ್ಬ ಕನ್ನಡ ಶಿಕ್ಷಕಿ

ಕಳೆದ ತಿಂಗಳು ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಮಗುವಿನ ದೀಕ್ಷಾಸ್ನಾನಕ್ಕೆಂದು ಇಲ್ಲಿನ ಚರ್ಚಿಗೆ ಹೋಗಿದ್ದೆ. ಸಭಾಪಾಲಕರು ಮಗುವಿನ ನೆತ್ತಿಗೆ ನೀರು ಹಾಕುತ್ತಾ “ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ” ಎಂದರು. ವ್ಯಾಕರಣ ಕಲಿಸುವವಳಾದ್ದರಿಂದ ನನ್ನ ಮನಸ್ಸು ಅಲ್ಲಿಯೇ ನಿಂತಿತು. ಷಷ್ಠೀ ವಿಭಕ್ತಿಯಲ್ಲಿ ಮೂವರನ್ನು ಹೇಳಿದ ಮೇಲೆ ‘ಹೆಸರುಗಳಲ್ಲಿ’ ಎಂದು ಬರಬೇಕಿತ್ತಲ್ಲವೇ? ಊಟದ ಸಮಯದಲ್ಲಿ ಸಹೋದ್ಯೋಗಿಯನ್ನು ಕೇಳಿದಾಗ ಅವರು, “ನಾನೊಬ್ಬಳೇ ಮನೆಯಲ್ಲಿ ತಾಯಿ, ಶಾಲೆಯಲ್ಲಿ ಟೀಚರ್, ತವರಿನಲ್ಲಿ ಮಗಳು, ಹಾಗೆಯೇ ದೇವರೂ” ಎಂದು ವಿವರಿಸಿದರು. ಆ ಹೋಲಿಕೆ ಸರಳವಾಗಿದ್ದರೂ ನನಗೆ ಸಮಾಧಾನವಾಗಲಿಲ್ಲ. ಇದು ಮೂರು ದೇವರುಗಳ ನಂಬಿಕೆಯೇ? ನಮ್ಮ ತ್ರಿಮೂರ್ತಿಗಳ ಕಲ್ಪನೆಗೆ ಸಮಾನವೇ? ಮಗ ಎಂದ ಮೇಲೆ ತಂದೆಯ ನಂತರ ಹುಟ್ಟಿದವನೆಂದೇ ಅರ್ಥವಲ್ಲವೇ? ವಾದಕ್ಕಾಗಿ ಕೇಳುತ್ತಿಲ್ಲ, ಹತ್ತು ವರ್ಷಗಳಿಂದ ಜೊತೆಯಲ್ಲಿರುವವರ ನಂಬಿಕೆಯನ್ನು ಸರಿಯಾಗಿ ತಿಳಿದುಕೊಳ್ಳಬೇಕೆಂಬ ಆಸೆಯಿಂದ ಕೇಳುತ್ತಿದ್ದೇನೆ.

ಉತ್ತರ 1: ಕೋಲಾರದಿಂದ

ಮೇಡಂ, ನಮಸ್ಕಾರ. ನಾನು ಕೋಲಾರದ ಒಂದು ಸಭೆಯಲ್ಲಿ ಭಾನುವಾರದ ಪಾಠಶಾಲೆ ನಡೆಸುವವನು. ನೀವು ಹಿಡಿದ ಏಕವಚನವೇ ಈ ಬೋಧನೆಯ ಬಾಗಿಲು. ಮತ್ತಾಯನ ಸುವಾರ್ತೆಯ 28ನೆಯ ಅಧ್ಯಾಯದ 19ನೆಯ ವಚನದಿಂದ ಬಂದ ಮಾತದು; ಮೂಲ ಗ್ರೀಕಿನಲ್ಲಿಯೂ ‘ಹೆಸರು’ ಏಕವಚನದಲ್ಲಿಯೇ ಇದೆ.

ಕನ್ನಡದಲ್ಲಿ ಈ ವಿಷಯವನ್ನು ಹೇಳುವಾಗ ನಮಗೆ ಎದುರಾಗುವ ತೊಡಕೊಂದನ್ನು ನೀವು ಬೇಗನೆ ಗುರುತಿಸುವಿರಿ. ನಾವು ವಸ್ತುಗಳನ್ನು ಒಂದು, ಎರಡು, ಮೂರು ಎಂದೂ, ಜನರನ್ನು ಒಬ್ಬ, ಇಬ್ಬರು, ಮೂವರು ಎಂದೂ ಎಣಿಸುತ್ತೇವೆ. ಹಾಗಾಗಿ “ದೇವರು ಒಬ್ಬನೇ” ಎಂದ ಬಾಯಲ್ಲೇ “ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು” ಎಂದರೆ ಒಂದೇ ಬಗೆಯ ಎಣಿಕೆಯಲ್ಲಿ ಒಬ್ಬನೂ ಮೂವರೂ ಎದುರುಬದುರಾಗಿ ನಿಂತಂತೆ ಕೇಳಿಸುತ್ತದೆ. ಆದರೆ ಕ್ರೈಸ್ತ ಸಭೆಯು ಒಂದನ್ನೇ ಎರಡು ರೀತಿಯಲ್ಲಿ ಎಣಿಸಿಲ್ಲ. ‘ಏನು?’ ಎಂದು ಕೇಳಿದರೆ ಬರುವ ಉತ್ತರ ಒಂದು: ಒಂದೇ ದೈವತ್ವ, ಒಂದೇ ಸತ್ವ. ‘ಯಾರು?’ ಎಂದು ಕೇಳಿದರೆ ಬರುವ ಉತ್ತರ ಮೂವರು. ನಾಲ್ಕನೆಯ ಶತಮಾನದ ಗ್ರೀಕ್ ಬೋಧಕರು ಮೊದಲನೆಯದಕ್ಕೆ ‘ಊಸಿಯಾ’ ಎಂದೂ ಎರಡನೆಯದಕ್ಕೆ ‘ಹೈಪೋಸ್ಟಾಸಿಸ್’ ಎಂದೂ ಬೇರೆ ಬೇರೆ ಪದಗಳನ್ನು ನಿಗದಿಪಡಿಸಿದ್ದು ಈ ಗೊಂದಲವನ್ನು ಬಿಡಿಸಲೆಂದೇ. ನಾವು ಬಳಸುವ ‘ತ್ರಿಯೇಕ’ ಎಂಬ ಸಮಾಸವು ‘ಮೂರೋ ಮೂವರೋ’ ಎಂಬ ಆಯ್ಕೆಯನ್ನೇ ಮಾಡದೆ ಎರಡು ಮಾತನ್ನೂ ಒಟ್ಟಿಗೆ ಹಿಡಿದಿಡುತ್ತದೆ. ಗಡಿ ಜಿಲ್ಲೆಯವರಾದ ನಮ್ಮ ಸುತ್ತಲಿನ ತೆಲುಗು, ತಮಿಳು ಆರಾಧನೆಗಳಲ್ಲಿಯೂ ಇದೇ ಪದ ಕೇಳಿಬರುತ್ತದೆ.

ನಿಮ್ಮ ಸಹೋದ್ಯೋಗಿಯ ಹೋಲಿಕೆಯನ್ನು ನಾನೂ ಹಿಂದೆ ಮಕ್ಕಳಿಗೆ ಹೇಳುತ್ತಿದ್ದೆ, ಈಗ ಬಿಟ್ಟಿದ್ದೇನೆ. ತಾಯಿ, ಟೀಚರ್, ಮಗಳು ಎಂಬ ಮೂರೂ ಒಬ್ಬರದೇ ಪಾತ್ರಗಳು. ಆ ತಾಯಿ ಆ ಟೀಚರಿನೊಂದಿಗೆ ಮಾತನಾಡುವುದಿಲ್ಲ. ಆದರೆ ಗೆತ್ಸೆಮನೆ ತೋಟದಲ್ಲಿ ಯೇಸು ತಂದೆಗೆ ಪ್ರಾರ್ಥಿಸುತ್ತಾನೆ. ಯೊರ್ದನ್ ನದಿಯಲ್ಲಿ ಮಗನು ನೀರಿನಿಂದ ಮೇಲೆ ಬರುವಾಗ ಆತ್ಮನು ಪಾರಿವಾಳದಂತೆ ಇಳಿಯುತ್ತಾನೆ, ತಂದೆಯ ಧ್ವನಿ ಆಕಾಶದಿಂದ ಕೇಳಿಸುತ್ತದೆ. ಒಬ್ಬನೇ ವೇಷ ಬದಲಿಸುತ್ತಿದ್ದರೆ ಈ ಪ್ರಾರ್ಥನೆಗೆ ಅರ್ಥವೇ ಉಳಿಯುವುದಿಲ್ಲ. ಮೂರನೆಯ ಶತಮಾನದಲ್ಲಿ ಬೋಧಕ ಸಬೆಲ್ಲಿಯಸ್‌ನ ಹೆಸರಿಗೆ ಅಂಟಿಕೊಂಡ ಈ ವಿವರಣೆಯನ್ನು ಸಭೆಯು ಒಪ್ಪಲಿಲ್ಲ. ಮಂಜುಗಡ್ಡೆ, ನೀರು, ಆವಿ ಎಂಬ ಜನಪ್ರಿಯ ಉದಾಹರಣೆಗೂ ಇದೇ ಕೊರತೆಯಿದೆ.

ತ್ರಿಮೂರ್ತಿಗಳ ವಿಚಾರಕ್ಕೆ ಬಂದರೆ, ಮುಳಬಾಗಿಲಿನ ಬಳಿಯ ಕುರುಡುಮಲೆಯ ಗಣಪತಿಯನ್ನು ಬ್ರಹ್ಮ, ವಿಷ್ಣು, ಮಹೇಶ್ವರರು ಸೇರಿ ಪ್ರತಿಷ್ಠಾಪಿಸಿದರೆಂಬ ಪ್ರತೀತಿಯನ್ನು ಕೇಳುತ್ತಲೇ ಬೆಳೆದವನು ನಾನು. ಅಲ್ಲಿ ಸೃಷ್ಟಿ, ಸ್ಥಿತಿ, ಲಯ ಎಂದು ಕಾರ್ಯಗಳು ಹಂಚಿಕೆಯಾಗಿವೆ. ಕ್ರೈಸ್ತ ಬೋಧನೆಯಲ್ಲಿ ಅಂತಹ ಹಂಚಿಕೆಯಿಲ್ಲ. ಲೋಕದ ಸೃಷ್ಟಿಯೂ ರಕ್ಷಣೆಯೂ ಮೂವರ ಒಂದೇ ಕಾರ್ಯ. ಅವರಲ್ಲಿರುವ ಭೇದವು ಪರಸ್ಪರ ಸಂಬಂಧದ್ದು ಮಾತ್ರ: ತಂದೆ ಯಾರಿಂದಲೂ ಬಂದವನಲ್ಲ, ಮಗನು ತಂದೆಯಿಂದ ಜನಿತನಾದವನು, ಆತ್ಮನು ಹೊರಡುವವನು. ಎರಡು ಪರಂಪರೆಗಳನ್ನೂ ಗೌರವಿಸಬೇಕಾದರೆ ಅವುಗಳನ್ನು ಒಂದೇ ಎನ್ನದಿರುವುದು ಮೇಲೆಂದು ನನ್ನ ಅಭಿಪ್ರಾಯ.

ನಿಮ್ಮ ಮೂರನೆಯ ಪ್ರಶ್ನೆಯನ್ನು ಅಲೆಕ್ಸಾಂಡ್ರಿಯದ ಅರಿಯಸ್ ಎಂಬ ಪಾದ್ರಿಯೂ ಎತ್ತಿದ್ದನು. ಜನಿಸಿದವನಾದರೆ ಮಗನು ಇಲ್ಲದಿದ್ದ ಒಂದು ಹೊತ್ತು ಇದ್ದಿರಲೇಬೇಕೆಂಬುದು ಆತನ ವಾದ. ಕ್ರಿ.ಶ. 325ರಲ್ಲಿ, ಇಂದಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ ಸೇರಿದ ಬಿಷಪರ ಮಹಾಸಭೆಯು ಇದನ್ನು ತಳ್ಳಿಹಾಕಿ, ಮಗನು ತಂದೆಯೊಂದಿಗೆ ಒಂದೇ ಸತ್ವವುಳ್ಳವನು, “ಬೆಳಕಿನಿಂದ ಬೆಳಕು” ಎಂದು ಘೋಷಿಸಿತು. ಸೂರ್ಯನಿದ್ದೂ ಬೆಳಕಿಲ್ಲದ ಗಳಿಗೆ ಯಾವುದು? ಬೆಳಕು ಸೂರ್ಯನಿಂದ ಬರುತ್ತದೆ, ಆದರೂ ಸೂರ್ಯನ ನಂತರ ಬರುವುದಿಲ್ಲ. ನಂತರದ ಅರ್ಧ ಶತಮಾನ ಈ ಪಕ್ಷಕ್ಕಾಗಿ ಹೋರಾಡಿದ, ಅಲೆಕ್ಸಾಂಡ್ರಿಯದ ಬಿಷಪನಾದ ಅಥನೇಸಿಯಸ್‌ನ ಇನ್ನೊಂದು ತರ್ಕವು ನನಗೆ ಅಚ್ಚುಮೆಚ್ಚು: ಮಗುವಿಲ್ಲದವನನ್ನು ಯಾರೂ ತಂದೆಯೆನ್ನುವುದಿಲ್ಲ, ದೇವರು ಅನಾದಿಯಿಂದಲೂ ತಂದೆಯಾಗಿದ್ದರೆ ಮಗನೂ ಅನಾದಿಯಿಂದಲೇ ಇರಬೇಕು.

ಉತ್ತರ 2: ಚಿಕ್ಕಬಳ್ಳಾಪುರದಿಂದ

ನಾನೂ ಸತ್ಯವೇದವನ್ನು (ಬೈಬಲನ್ನು) ಶ್ರದ್ಧೆಯಿಂದ ಓದುವವನೇ. ಆದರೂ ಮೇಲಿನ ಉತ್ತರವು ಕೆಲವು ಕಷ್ಟಗಳನ್ನು ಬದಿಗಿಟ್ಟಿದೆ. ‘ತ್ರಿಯೇಕ’ ಎಂಬ ಪದ ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ. ತಂದೆ, ವಾಕ್ಯ (ಅಂದರೆ ಮಗ), ಆತ್ಮ ಈ ಮೂವರೂ ಒಂದೇ ಎಂದು ಯೋಹಾನನ ಮೊದಲನೆಯ ಪತ್ರದ 5ನೆಯ ಅಧ್ಯಾಯದಲ್ಲಿ ಕೆಲವು ಪ್ರತಿಗಳಲ್ಲಿ ಕಾಣುವ ಸಾಲು ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿಲ್ಲ. ವಿದ್ವಾಂಸ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯ ತನ್ನ 1516ರ ಮತ್ತು 1519ರ ಮುದ್ರಣಗಳಲ್ಲಿ ಅದನ್ನು ಸೇರಿಸದೆ, ಒತ್ತಡ ಬಂದ ಮೇಲೆ 1522ರಲ್ಲಿ ಸೇರಿಸಿದನು. ತಂದೆಯು ತನಗಿಂತ ದೊಡ್ಡವನೆಂದು ಯೇಸುವೇ ಯೋಹಾನ 14:28ರಲ್ಲಿ ಹೇಳುತ್ತಾನೆ. ಹೀಗಿರುವಾಗ, ಚಕ್ರವರ್ತಿ ಕಾನ್‌ಸ್ಟಾಂಟೈನ್ ಕರೆದ ನೈಸಿಯಾ ಸಭೆಯ ತೀರ್ಮಾನವನ್ನು ಯೇಸುವಿನ ಮೊದಲ ಅನುಯಾಯಿಗಳಾದ ಅಪೊಸ್ತಲರ ನಂಬಿಕೆಯೆಂದು ಹೇಗೆ ಒಪ್ಪುವುದು?

ಉತ್ತರ 3: ಕೋಲಾರದಿಂದ, ಮತ್ತೊಮ್ಮೆ

ಸಹೋದರರೇ, ಆ ಸಾಲಿನ ಕುರಿತು ನೀವು ಹೇಳಿದ್ದು ಸರಿ. ಅದನ್ನು ಆಧಾರವಾಗಿ ಬಳಸುವುದು ಪ್ರಾಮಾಣಿಕತೆಯಲ್ಲ, ಅದರ ಅಗತ್ಯವೂ ಇಲ್ಲ. ಪದ ತಡವಾಗಿ ಬಂದಿತೆಂಬುದೂ ನಿಜ: ಲ್ಯಾಟಿನ್‌ನಲ್ಲಿ ‘ಟ್ರಿನಿಟಾಸ್’ ಎಂಬ ಪದವನ್ನು ದೇವರ ವಿಷಯದಲ್ಲಿ ನೆಲೆಗೊಳಿಸಿದವನು ಮೂರನೆಯ ಶತಮಾನದ ಆರಂಭದಲ್ಲಿ ಬರೆಯುತ್ತಿದ್ದ ಕಾರ್ತೇಜಿನ ಟೆರ್ಟುಲಿಯನ್. ಆದರೆ ಪದಕ್ಕಿಂತ ಮೊದಲು ಪ್ರಾರ್ಥನೆ ಇತ್ತು. ದೇವರು ಒಬ್ಬನೇ ಎಂಬ ಧರ್ಮೋಪದೇಶಕಾಂಡ 6:4ರ ಮಾತನ್ನು ಯೆಹೂದ್ಯರು ದಿನವೂ ಹೇಳುವವರು. ಅಂತಹ ಯೆಹೂದ್ಯನಾದ ಪೌಲನು, ಯೇಸುವಿನ ಮರಣವಾಗಿ ಸುಮಾರು 25 ವರ್ಷಗಳಷ್ಟೇ ಕಳೆದಿದ್ದಾಗ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 8:6ರಲ್ಲಿ ಅದೇ ಮಾತನ್ನು ಬಿಡಿಸಿ, ‘ಒಬ್ಬನೇ ದೇವರು’ ಎಂಬುದನ್ನು ತಂದೆಗೂ ‘ಒಬ್ಬನೇ ಕರ್ತನು’ ಎಂಬುದನ್ನು ಯೇಸುವಿಗೂ ಹೇಳುತ್ತಾನೆ. ಆ ಸಾಲನ್ನು ಓದುವಾಗಲೆಲ್ಲ ನನಗೆ ಮೈ ನವಿರೇಳುತ್ತದೆ, ಏಕೆಂದರೆ ಏಕದೇವನ ನಂಬಿಕೆಯನ್ನು ಬಿಡದೆಯೇ ಆತನು ಅದನ್ನು ಬರೆದಿದ್ದಾನೆ. ಕ್ರಿ.ಶ. 112ರ ಸುಮಾರಿಗೆ, ಕ್ರೈಸ್ತನಲ್ಲದ ರೋಮನ್ ಅಧಿಕಾರಿ ಪ್ಲಿನಿ, ಈ ಜನರು ಬೆಳಗಿನ ಜಾವ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆಂದು ಚಕ್ರವರ್ತಿ ಟ್ರಾಜನ್‌ಗೆ ವರದಿ ಮಾಡಿದ್ದಾನೆ. ನೈಸಿಯಾ ಸಭೆಗೆ ಆಗಿನ್ನೂ ಎರಡು ಶತಮಾನಗಳಿದ್ದವು.

ಚಕ್ರವರ್ತಿಯ ಬೆಂಬಲದಿಂದಲೇ ಈ ನಂಬಿಕೆ ಗೆದ್ದಿತೆನ್ನುವುದಕ್ಕೂ ಇತಿಹಾಸವು ಒಪ್ಪುವುದಿಲ್ಲ. ಕಾನ್‌ಸ್ಟಾಂಟೈನನ ಮಗ ಕಾನ್‌ಸ್ಟಾಂಟಿಯಸ್ ಅರಿಯಸ್‌ನ ಕಡೆಯವರಿಗೆ ಒಲಿದಿದ್ದನು. ಅಥನೇಸಿಯಸ್ ಐದು ಬಾರಿ ಗಡೀಪಾರಾಗಿ ಸುಮಾರು 17 ವರ್ಷಗಳನ್ನು ತನ್ನ ಪೀಠದಿಂದ ದೂರ ಕಳೆದನು. “ನನಗಿಂತ ದೊಡ್ಡವನು” ಎಂಬ ಮಾತನ್ನು ಕೆಲವು ಪ್ರಾಚೀನ ಬೋಧಕರು ಮಗನು ಮನುಷ್ಯನಾಗಿ ತನ್ನನ್ನು ತಗ್ಗಿಸಿಕೊಂಡ ಸ್ಥಿತಿಗೂ, ಕೆಲವರು ತಂದೆಯೇ ಮೂಲವೆಂಬ ಸಂಬಂಧಕ್ಕೂ ಅನ್ವಯಿಸಿದರು. ಇದೇ ಸುವಾರ್ತೆಯು “ಆ ವಾಕ್ಯವು ದೇವರಾಗಿತ್ತು” ಎಂದು ಆರಂಭವಾಗುವುದರಿಂದ, ಎರಡನ್ನೂ ಕೂಡಿಸಿ ಓದುವುದು ನಮಗೆ ಅನಿವಾರ್ಯ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ‘ಏನು’ ಮತ್ತು ‘ಯಾರು’ ಎಂಬ ಭೇದದಿಂದ ನನಗೆ ಬಹಳ ತಿಳಿಯಿತು. ಒಂದು ಮಾತು ಮಾತ್ರ ಉಳಿದಿದೆ. ಆಡುಮಾತಿನಲ್ಲಿ ನಾವು ‘ಆತ್ಮದ’ ಎಂದು ನಪುಂಸಕಲಿಂಗದಲ್ಲಿ ಹೇಳುತ್ತೇವೆ. ಸಭಾಪಾಲಕರು ‘ಪವಿತ್ರಾತ್ಮನ’ ಎಂದರು. ಪವಿತ್ರಾತ್ಮವೆಂದರೆ ದೇವರ ಶಕ್ತಿಯೆಂದು ನಾನು ಭಾವಿಸಿದ್ದೆ.

ಉತ್ತರ 4: ಕೋಲಾರದಿಂದ

ಆ ‘ನ’ಕಾರವು ಬೇಕೆಂದೇ ಇರುವುದು, ಮೇಡಂ. ಹೀಬ್ರೂವಿನಲ್ಲಿ ಆತ್ಮವೆಂಬ ಪದ ಹೆಚ್ಚಾಗಿ ಸ್ತ್ರೀಲಿಂಗ, ಗ್ರೀಕಿನಲ್ಲಿ ನಪುಂಸಕಲಿಂಗ. ಹಾಗಾಗಿ ಪದದ ಲಿಂಗದಿಂದ ಇದನ್ನು ನಿರ್ಣಯಿಸಲಾಗದು. ಆದರೆ ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯದಲ್ಲಿ ಆತ್ಮನು ‘ನಾನು’ ಎಂದು ಮಾತನಾಡುತ್ತಾನೆ. ಎಫೆಸದವರಿಗೆ ಬರೆದ ಪತ್ರದ 4:30ರ ಪ್ರಕಾರ ಆತನನ್ನು ದುಃಖಪಡಿಸಲೂ ಸಾಧ್ಯ. ಶಕ್ತಿಯನ್ನು ಬಳಸಬಹುದೇ ಹೊರತು ದುಃಖಪಡಿಸಲಾಗದು. ನೈಸಿಯಾದ ವಿಶ್ವಾಸಪ್ರಮಾಣದಲ್ಲಿ, ಅಂದರೆ ಆ ಮಹಾಸಭೆ ಒಪ್ಪಿದ ನಂಬಿಕೆಯ ಹೇಳಿಕೆಯಲ್ಲಿ, ಪವಿತ್ರಾತ್ಮನ ಬಗ್ಗೆ ಒಂದೇ ಒಂದು ಚಿಕ್ಕ ಮಾತಿತ್ತು; ತಂದೆಯೊಂದಿಗೂ ಮಗನೊಂದಿಗೂ ಆತನು ಆರಾಧನೆಗೆ ಪಾತ್ರನೆಂಬ ಮಾತು 381ರ ಕಾನ್‌ಸ್ಟಾಂಟಿನೋಪಲ್ ಸಭೆಯದೆಂದು ಪರಂಪರೆಯು ಹೇಳುತ್ತದೆ. ಆತನು ತಂದೆಯಿಂದ ಮಾತ್ರ ಹೊರಡುವನೋ, ಮಗನಿಂದಲೂ ಹೊರಡುವನೋ ಎಂಬುದರಲ್ಲಿ ಪೂರ್ವ ಮತ್ತು ಪಶ್ಚಿಮದ ಸಭೆಗಳು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ನಿಮ್ಮ ಸಹೋದ್ಯೋಗಿಯ ಮನೆಯಲ್ಲಿ ಆರಾಧನೆಯ ಪುಸ್ತಕವಿದ್ದರೆ ಆ ವಿಶ್ವಾಸಪ್ರಮಾಣವನ್ನು ಇಬ್ಬರೂ ಕೂತು ಒಮ್ಮೆ ಓದಿರಿ; ಒಂದು ಪುಟವನ್ನೂ ಮೀರುವುದಿಲ್ಲ.